ಹಳೇ ಕಾರಿಗೆ ಫುಲ್ ಇನ್ಶೂರೆನ್ಸ್ ಸಿಗೋದೇ ಇಲ್ವಾ?

ಪ್ರಶ್ನೆ: ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಇದೆ, 1978ರ ಗಾಡಿ. ಟಿಂಕರಿಂಗ್, ಪೇಂಟಿಂಗ್ ಎಲ್ಲ ಮಾಡಿಸಿ ಚೆನ್ನಾಗಿ ಇಟ್ಟುಕೊಂಡಿದ್ದೇವೆ. ಆರ್‌ಸಿ ಕೂಡ ರಿನ್ಯೂ ಆಗಿದೆ. ಆದರೆ ಇಷ್ಟು ಹಳೇ ಗಾಡಿಗೆ ಥರ್ಡ್ ಪಾರ್ಟಿ ಬಿಟ್ಟರೆ ಬೇರೇನೂ ಸಿಗೋದಿಲ್ಲ ಅಂತ ಏಜೆಂಟ್ ಹೇಳ್ತಾರೆ. ನಿಜವಾ? ಯಾವ ಇನ್ಶೂರೆನ್ಸ್ ತಗೊಂಡರೆ ಒಳ್ಳೇದು?

ಉತ್ತರ: ನಿಜ ಅಲ್ಲ.

ಒಂದು ಸಲ ಪದ್ಮಿನಿ, ಇನ್ನೊಂದು ಸಲ ಅಂಬಾಸಡರ್, ಮತ್ತೊಂದು ಸಲ ಕಾಂಟೆಸ್ಸಾ. ಗಾಡಿ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಎಷ್ಟು ಸಲ ಹೇಳಿದರೂ ಈ ತಪ್ಪು ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಈ ಸಲ ಲೆಕ್ಕದ ಸಮೇತ ಬರೆಯುತ್ತಿದ್ದೇನೆ. ಅವಸರದಲ್ಲಿರುವವರಿಗೆ ಉತ್ತರ ಇಷ್ಟು: ಫುಲ್ ಇನ್ಶೂರೆನ್ಸ್ ತೆಗೆದುಕೊಳ್ಳಿ, ಅಂದರೆ ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟ) ಜೊತೆ ನಿಮ್ಮ ಗಾಡಿಯ ಸ್ವಂತ ಡ್ಯಾಮೇಜ್ ಕೂಡ ಸೇರಿರುವ ಪ್ಯಾಕೇಜ್ ಪಾಲಿಸಿ. ಅದರಲ್ಲಿ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಯುವ ಗಾಡಿಯ ಬೆಲೆ, ಎಷ್ಟು ಅಂತ ನೀವೇ ಕೂತು ಮಾತಾಡಿ ಬರೆಸಿ. ವೆಬ್‌ಸೈಟ್ ತೋರಿಸಿದ ಮೊತ್ತಕ್ಕೆ ಒಪ್ಪಿಕೊಂಡು ಬಿಡಬೇಡಿ.

ಈಗ ಆ ನಂಬಿಕೆಯ ವಿಷಯ. "ಹದಿನೈದು ವರ್ಷ ದಾಟಿದ ಗಾಡಿಗೆ ಬೆಲೆ ಸೊನ್ನೆ. ಸೊನ್ನೆ ಬೆಲೆಯ ಗಾಡಿಗೆ ಫುಲ್ ಇನ್ಶೂರೆನ್ಸ್ ಯಾಕೆ ಕೊಡ್ತಾರೆ?" ಕೇಳೋಕೆ ಸರಿ ಅನ್ನಿಸುತ್ತದೆ ಅಲ್ವಾ? ಇದು ಎಲ್ಲಿಂದ ಬಂತು ಅಂತ ನೋಡೋಣ.

ಐಡಿವಿ ಅಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಲೆಕ್ಕಕ್ಕೆ ಹಿಡಿಯುವ ಬೆಲೆ. ಅದನ್ನು ಕಟ್ಟಲು ಒಂದು ಸವಕಳಿ ಪಟ್ಟಿ ಇದೆ. ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಹಾಗಾದರೆ ಹತ್ತು ವರ್ಷಕ್ಕೆ ನೂರಕ್ಕೆ ನೂರು ಕಳೆಯಿತು ಅಂತ ಜನ ತಾವೇ ಮುಂದಕ್ಕೆ ಎಳೆದುಕೊಂಡು ಹೋಗುತ್ತಾರೆ. ಆದರೆ ಪಟ್ಟಿಯ ಜೊತೆಗೇ ಇನ್ನೊಂದು ಮಾತು ಇದೆ. ಐದು ವರ್ಷ ಮೀರಿದ ಗಾಡಿಗೆ, ಮತ್ತು ತಯಾರಿಕೆ ನಿಂತುಹೋದ ಮಾಡೆಲ್‌ಗೆ, ಐಡಿವಿಯನ್ನು ಕಂಪನಿ ಮತ್ತು ಮಾಲೀಕ ಇಬ್ಬರೂ ಒಪ್ಪಿ ಗೊತ್ತು ಮಾಡಿಕೊಳ್ಳಬೇಕು. ನಿಮ್ಮ ಪದ್ಮಿನಿಗೆ ಈ ಎರಡೂ ಅನ್ವಯಿಸುತ್ತವೆ. ಸೊನ್ನೆ ಅನ್ನುವ ಮಾತು ಎಲ್ಲೂ ಇಲ್ಲ.

ಇನ್ನೂ ಅನುಮಾನ ಇದ್ದರೆ 2002ರ ಮೋಟಾರ್ ಟ್ಯಾರಿಫ್, ಅಂದರೆ ಗಾಡಿ ಇನ್ಶೂರೆನ್ಸಿನ ದರಪಟ್ಟಿ, ನೋಡಿ. ಖಾಸಗಿ ಕಾರಿನ ಸ್ವಂತ ಡ್ಯಾಮೇಜ್ ದರಗಳ ಕೋಷ್ಟಕದಲ್ಲಿ ಮೂರು ಕಾಲಂ ಇವೆ. ಐದು ವರ್ಷದೊಳಗಿನ ಗಾಡಿ, ಐದರಿಂದ ಹತ್ತು, ಹತ್ತು ವರ್ಷ ಮೀರಿದ್ದು. ಕೊಡುವಂತೆಯೇ ಇಲ್ಲ ಅಂದಮೇಲೆ ಹತ್ತು ವರ್ಷ ಮೀರಿದ ಗಾಡಿಗೆ ಅಂತ ಬೇರೆ ಕಾಲಂ ಯಾಕೆ ಹಾಕುತ್ತಿದ್ದರು? ಬೆಂಗಳೂರಿನಲ್ಲಿ ನೋಂದಣಿಯಾದ, 1000ದಿಂದ 1500 ಸಿಸಿ ಒಳಗಿನ ಕಾರಿಗೆ ಆ ಕಾಲಂನಲ್ಲಿರುವ ದರ ಐಡಿವಿಯ ಶೇ 3.529. ಹೊಸ ಗಾಡಿಗೆ ಶೇ 3.283. ವ್ಯತ್ಯಾಸ ಇಷ್ಟೇ. 2007ರಿಂದ ಈ ದರ ಕಡ್ಡಾಯ ಅಲ್ಲ, ಕಂಪನಿಗಳೇ ನಿಗದಿ ಮಾಡುತ್ತವೆ. ಅಂದಾಜು ಹಾಕಲು ಮಾತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಹದಿನೈದು ಅನ್ನುವ ಸಂಖ್ಯೆ ಬಂದಿದ್ದು ಆರ್‌ಸಿಯಿಂದ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಅದು ಆರ್‌ಟಿಒ ವಿಷಯ, ಇನ್ಶೂರೆನ್ಸಿನದ್ದಲ್ಲ. ಇದರ ಜೊತೆ ದೆಹಲಿಯ ಸುದ್ದಿ ಬೇರೆ ಸೇರಿಕೊಂಡಿದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ಆ ಗಲಾಟೆ ರಾಜಧಾನಿ ಪ್ರದೇಶದ್ದು. ನಮ್ಮಲ್ಲಿ ಹಾಗಿಲ್ಲ.

ಒಂದು ಮಾತು ಒಪ್ಪುತ್ತೇನೆ. ಥರ್ಡ್ ಪಾರ್ಟಿಯನ್ನು ಕಂಪನಿ ಇಲ್ಲ ಅನ್ನುವ ಹಾಗಿಲ್ಲ, ಸ್ವಂತ ಡ್ಯಾಮೇಜ್ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಕೆಲವರು ಹಳೇ ಗಾಡಿ ಅಂದ ಕೂಡಲೇ ಕೈ ಅಲ್ಲಾಡಿಸುತ್ತಾರೆ. ಆನ್‌ಲೈನ್ ಫಾರಂನಲ್ಲಿ ಪದ್ಮಿನಿ ಅನ್ನುವ ಹೆಸರೇ ಸಿಗದೇ ಇರಬಹುದು. ಆದರೆ ಒಂದು ಕಂಪನಿ ಕೊಡುವುದಿಲ್ಲ ಅನ್ನುವುದು ಬೇರೆ, ಕಾನೂನಿನಲ್ಲೇ ಇಲ್ಲ ಅನ್ನುವುದು ಬೇರೆ. ಬ್ರಾಂಚ್ ಆಫೀಸಿಗೆ ಹೋಗಿ. ಒಂದು ಕಡೆ ಇಲ್ಲ ಅಂದರೆ ಇನ್ನೊಂದು ಕಡೆ ಕೇಳಿ. ಗಾಡಿಯ ಎಲ್ಲ ಮಗ್ಗುಲಿನ ಫೋಟೊ, ಎಂಜಿನ್ ಮತ್ತು ಚಾಸಿ ನಂಬರಿನ ಫೋಟೊ, ಖರ್ಚು ಮಾಡಿದ ಬಿಲ್ಲುಗಳು, ಲೈಸೆನ್ಸ್ ಇರುವ ಸರ್ವೇಯರ್ ಅಥವಾ ವ್ಯಾಲ್ಯೂಯರ್ ಕೊಟ್ಟ ಬೆಲೆಪತ್ರ ಇಷ್ಟು ಜೊತೆಯಲ್ಲಿರಲಿ. ಅವರು ಗಾಡಿ ನೋಡಲು ಜನ ಕಳಿಸುತ್ತಾರೆ. ತೊಳೆದು ನಿಲ್ಲಿಸಿ.

ಐಡಿವಿ ಬಗ್ಗೆ ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳೇ ಕಾರಿನವರು ನಿಜವಾಗಿ ಕಳೆದುಕೊಳ್ಳುವುದು ಇಲ್ಲೇ. ಪ್ರೀಮಿಯಂ ಉಳಿಯಲಿ ಅಂತ ಕೆಲವರು ಐಡಿವಿ 30,000 ರೂಪಾಯಿ ಬರೆಸುತ್ತಾರೆ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಪಾಲಿಸಿ ಪ್ರಕಾರ ಗಾಡಿ ಪೂರ್ತಿ ಹಾಳಾದಂತೆ. 30,000ಕ್ಕೆ ಶೇ 75 ಅಂದರೆ 22,500.

ಒಂದು ಆಟೊ ಬಂದು ಎಡಗಡೆ ಮಡ್‌ಗಾರ್ಡಿಗೆ ಗುದ್ದಿತು ಅಂತ ಇಟ್ಟುಕೊಳ್ಳಿ. ಮಡ್‌ಗಾರ್ಡ್, ಹೆಡ್‌ಲೈಟ್ ರಿಂಗ್, ಬಂಪರ್ ಸೇರಿ 8,000. ಟಿಂಕರಿಂಗ್ ಕೂಲಿ 8,000. ಬಣ್ಣ ಹೊಂದಬೇಕಲ್ಲ, ಆ ಮಗ್ಗುಲಿಗೆಲ್ಲ ಪೇಂಟ್ ಹೊಡೆಸಿದರೆ 10,000. ಒಟ್ಟು 26,000. ಅಷ್ಟೇ, ನಿಮ್ಮ ಕಾರು ಕಾಗದದ ಮೇಲೆ ಟೋಟಲ್ ಲಾಸ್ ಆಗಿಬಿಡಬಹುದು. ಗಾಡಿ ಕಂಪನಿಗೆ ಬಿಡಬೇಕು. ಇಟ್ಟುಕೊಳ್ಳುತ್ತೀರಾದರೆ ಗುಜರಿ ಬೆಲೆ ಕಳೆದು ಉಳಿದದ್ದು ಮಾತ್ರ ಕೊಡುತ್ತಾರೆ. ಆರ್‌ಸಿ ರದ್ದು ಮಾಡಿಸಿಕೊಂಡು ಬನ್ನಿ ಅಂತಲೂ ಕೇಳಬಹುದು. ಒಂದು ಮಡ್‌ಗಾರ್ಡಿನ ಜಜ್ಜಿಗೆ ತಂದೆಯ ಕಾರಿನ ಆರ್‌ಸಿ ಕಳೆದುಕೊಳ್ಳುವುದು ನನಗೆ ಸಹಿಸಲಾಗದ ವಿಷಯ.

ಅದೇ ಕಾರಿಗೆ ಐಡಿವಿ 2.5 ಲಕ್ಷ ಇದ್ದಿದ್ದರೆ? 26,000 ಸಾಮಾನ್ಯ ರಿಪೇರಿ ಕ್ಲೈಮ್. ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗಕ್ಕೆ ಶೇ 50 ಕಡಿತ, ಹಾಗಾಗಿ 8,000ದಲ್ಲಿ 4,000 ಹೋಯಿತು. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನು ಅಂತ ಹಿಡಿದು, ಅದರಲ್ಲಿ ಅರ್ಧ ಕಡಿತ, 1,250. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನೀವು ಭರಿಸಬೇಕಾದ್ದು 1,000. ಕೈಗೆ ಬರುವುದು 19,750. "ಹಳೇ ಗಾಡಿಗೆ ಅರ್ಧ ದುಡ್ಡೇ ಬರೋದು" ಅನ್ನುವವರು ಇದನ್ನು ಗಮನಿಸಿ. ಕಡಿತ ಬೀಳುವುದು ಸಾಮಾನಿನ ಮೇಲೆ, ಕೂಲಿಯ ಮೇಲೆ ಅಲ್ಲ. ಹಳೇ ಕಾರಿನಲ್ಲಿ ಕೂಲಿಯೇ ಜಾಸ್ತಿ. ಶಿವಾಜಿನಗರದಲ್ಲಿ ಹುಡುಕಿ ತಂದ ಮಡ್‌ಗಾರ್ಡನ್ನು ತಟ್ಟಿ ಕೂರಿಸುವವರಿಗೆ ಕೊಡುವ ಹಣ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಪ್ರೀಮಿಯಂ ಎಷ್ಟಾಗುತ್ತದೆ? ಮೇಲೆ ಹೇಳಿದ ಹಳೇ ದರದಲ್ಲಿ 30,000ಕ್ಕೆ ಸುಮಾರು 1,060, 2.5 ಲಕ್ಷಕ್ಕೆ ಸುಮಾರು 8,820. ಇದರ ಮೇಲೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಶೇ 20ರಿಂದ ಶುರುವಾಗಿ 50ರವರೆಗೆ ಏರುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಆ ಬೋನಸ್ ಹೋಯಿತು, ತಾರೀಕು ಮರೆಯಬೇಡಿ. ಪದ್ಮಿನಿ 1089 ಸಿಸಿ, ಆದ್ದರಿಂದ 2022ರ ಜೂನ್‌ನಲ್ಲಿ ಬಂದ ದರದಂತೆ ಥರ್ಡ್ ಪಾರ್ಟಿ 3,416. ಹಳೇ 1489 ಸಿಸಿ ಅಂಬಾಸಡರಿಗೂ ಇಷ್ಟೇ. 1817 ಸಿಸಿಯ ಇಸುಜು ಎಂಜಿನ್ ಇರುವ ಅಂಬಾಸಡರ್, ಕಾಂಟೆಸ್ಸಾಗಳಿಗೆ 7,897. ಎಲ್ಲದಕ್ಕೂ ಜಿಎಸ್‌ಟಿ ಬೇರೆ.

ವಿದೇಶದಲ್ಲಿರುವ ನಮ್ಮವರು ಕೆಲವರು ಅಲ್ಲಿನ ಹಾಗೆ ಮೊದಲೇ ಒಪ್ಪಿದ ಬೆಲೆಯ ಪಾಲಿಸಿ ನಮ್ಮಲ್ಲಿ ಯಾಕಿಲ್ಲ ಅಂತ ಕೇಳುತ್ತಾರೆ. ಅಂಥದ್ದೇ ಅನುಕೂಲ ನಮ್ಮ ಪಾಲಿಸಿಯ ಒಳಗೇ ಇದೆ. ಇಬ್ಬರೂ ಒಪ್ಪಿ ಬರೆದ ಐಡಿವಿಯನ್ನೇ ಆ ಪಾಲಿಸಿಯ ಅವಧಿಯುದ್ದಕ್ಕೂ ಮಾರುಕಟ್ಟೆ ಬೆಲೆ ಅಂತ ಹಿಡಿಯಬೇಕು, ಟೋಟಲ್ ಲಾಸ್ ಆದಾಗ ಮತ್ತೆ ಸವಕಳಿ ಕಳೆಯುವ ಹಾಗಿಲ್ಲ. ಬೆಲೆ ಸರಿಯಾಗಿ ಬರೆಸುವ ಕೆಲಸ ನಿಮ್ಮದು. ಪ್ರತಿ ವರ್ಷ ರಿನ್ಯೂವಲ್ ನೋಟಿಸಿನಲ್ಲಿ ಐಡಿವಿ ಕಾಲಂ ನೋಡಿ. ಕಂಪ್ಯೂಟರ್ ತಾನಾಗಿ ಇಳಿಸಿರುತ್ತದೆ. ಹಳೇ ಕಾರಿನ ಬೆಲೆ ಇಳಿಯಲೇಬೇಕು ಅಂತಿಲ್ಲ.

"ನಾವು ಓಡಿಸೋದೇ ಕಮ್ಮಿ, ಸುಮ್ನೆ ಶೆಡ್‌ನಲ್ಲಿ ನಿಂತಿರುತ್ತೆ" ಅನ್ನುವವರಿಗೂ ಒಂದು ಮಾತು. ಶೆಡ್‌ನಲ್ಲಿ ನಿಂತ ಗಾಡಿಗೂ ಬೆಂಕಿ ಬೀಳುತ್ತದೆ, ಹಳೇ ವೈರಿಂಗ್ ಬೇರೆ. ಮೇ ತಿಂಗಳ ಮಳೆಗೆ ಬೆಂಗಳೂರಿನಲ್ಲಿ ಮರ ಬೀಳುವುದು ಎಲ್ಲರಿಗೂ ಗೊತ್ತು. ಇವಕ್ಕೆ ಥರ್ಡ್ ಪಾರ್ಟಿ ಒಂದು ರೂಪಾಯಿ ಕೊಡುವುದಿಲ್ಲ. ಪ್ಯಾಕೇಜ್ ಬೇಡವೇ ಬೇಡ ಅನ್ನುವುದಾದರೆ ಥರ್ಡ್ ಪಾರ್ಟಿ ಜೊತೆ ಬೆಂಕಿ ಮತ್ತು ಕಳ್ಳತನ ಮಾತ್ರ ಸೇರಿಸುವ ಪಾಲಿಸಿ ಕೊಡ್ತೀರಾ ಅಂತ ಕೇಳಿ ನೋಡಿ. ತುಕ್ಕು ಹಿಡಿದು ಫ್ಲೋರ್ ತೂತಾದರೆ, ಗೇರ್‌ಬಾಕ್ಸ್ ಸವೆದು ಕೈಕೊಟ್ಟರೆ ಯಾವ ಪಾಲಿಸಿಯೂ ಕೊಡುವುದಿಲ್ಲ.

ಆರ್‌ಸಿ ರಿನ್ಯೂ ಆಗಿದೆ ಅಂದಿರಿ, ಬಹಳ ಒಳ್ಳೆಯದು. ನೋಂದಣಿ ಮುಗಿದ ಗಾಡಿಯ ಕ್ಲೈಮ್ ನಿಲ್ಲುವುದು ಕಷ್ಟ. ತಾತ್ಕಾಲಿಕ ನೋಂದಣಿ ಮುಗಿದಿದ್ದ ಗಾಡಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೂ 2021ರಲ್ಲೂ ಕಂಪನಿಗಳ ಪರವಾಗಿಯೇ ಹೇಳಿದೆ. ಎಂಜಿನ್ ಬದಲಾಯಿಸಿದ್ದರೆ, ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬರಲೇಬೇಕು. ಪೆಟ್ರೋಲ್ ಅಂತ ಬರೆದ ಪದ್ಮಿನಿಯ ಬಾನೆಟ್ ಎತ್ತಿದಾಗ ಡೀಸೆಲ್ ಎಂಜಿನ್ ಕಂಡರೆ ಸರ್ವೇಯರ್ ಪೆನ್ನು ಅಲ್ಲೇ ನಿಲ್ಲುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ವಿಂಟೇಜ್ ನಂಬರ್ ತಗೊಂಡರೆ ಇನ್ಶೂರೆನ್ಸ್ ಅರ್ಧ ಆಗುತ್ತಂತೆ ಅನ್ನುವ ಮಾತು ಈಗ ಓಡಾಡುತ್ತಿದೆ. ಅರ್ಧ ಆಗುವುದು ಥರ್ಡ್ ಪಾರ್ಟಿ ಪ್ರೀಮಿಯಂ ಮಾತ್ರ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. ನಿಮ್ಮದಕ್ಕೆ 50 ತುಂಬುವುದು 2028ಕ್ಕೆ. ಮೊದಲ ನೋಂದಣಿಗೆ ಶುಲ್ಕ 20,000, ಹತ್ತು ವರ್ಷ ನಡೆಯುತ್ತದೆ. 3,416ರಲ್ಲಿ ಅರ್ಧ 1,708, ಹತ್ತು ವರ್ಷಕ್ಕೆ 17,080. ಜಿಎಸ್‌ಟಿ ಸೇರಿಸಿಕೊಂಡರೂ 20,000ದ ಆಸುಪಾಸು. ಉಳಿತಾಯ ಎಲ್ಲಿ ಬಂತು? ಮೇಲಾಗಿ ವಿಎ ನಂಬರಿನ, ಅಂದರೆ ವಿಂಟೇಜ್ ನಂಬರಿನ, ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗುವ ಆಸೆ ಇದ್ದರೆ ಈಗಿರುವ ನಂಬರೇ ಇರಲಿ.

ಇನ್ನು ಮದುವೆ ಸೀಸನ್. ಚೆನ್ನಾಗಿರುವ ಪದ್ಮಿನಿ ಕಂಡರೆ ವರಪೂಜೆಗೆ, ಫೋಟೊ ಶೂಟಿಗೆ ಕೇಳುವವರು ಬರುತ್ತಾರೆ. ದುಡ್ಡು ತೆಗೆದುಕೊಂಡು ಕೊಟ್ಟರೆ ಅದು ಬಾಡಿಗೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಓಡಾಟಕ್ಕೆ ರಕ್ಷಣೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ದಾರಿಯಲ್ಲಿ ಏನಾದರೂ ಆದರೆ ನಿಮ್ಮ ಗಾಡಿಯ ಖರ್ಚು ನಿಮ್ಮದೇ. ಅಪಘಾತದಲ್ಲಿ ಬೇರೆಯವರಿಗೆ ಪೆಟ್ಟಾಗಿದ್ದರೆ, ಕಂಪನಿ ಅವರಿಗೆ ಕೊಟ್ಟ ಪರಿಹಾರವನ್ನು ನಿಮ್ಮಿಂದ ವಸೂಲಿಗೆ ಬರಬಹುದು. ಅಕ್ಕನ ಮಗಳ ಮದುವೆಗೆ ನೀವೇ ಓಡಿಸಿಕೊಂಡು ಹೋಗಿ, ದುಡ್ಡು ಮುಟ್ಟಬೇಡಿ, ಲೈಸೆನ್ಸ್ ಜೇಬಿನಲ್ಲಿರಲಿ. ಅದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.