ಕಾಲಾಣೆಯ ಮೈಮೇಲಿನ ಗೆರೆ: ವಯಸ್ಸಿನ ಬಣ್ಣವೋ, ಬೆರಕೆಯ ತಪ್ಪೋ?

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 1919ರ ಐದನೇ ಜಾರ್ಜ್ ಕಾಲಾಣೆಯೊಂದು ಸಿಕ್ಕಿತು. ಕಂದು ಮೈಮೇಲೆ ಹಲಗೆಯ ಎಳೆಗಳ ಹಾಗೆ ಹಳದಿ ಗೆರೆಗಳಿವೆ. ಇದು ಕಾಲಕ್ರಮದಲ್ಲಿ ಬಂದ ಬಣ್ಣವೋ, ಟಂಕಸಾಲೆಯಲ್ಲಿ ಲೋಹ ಸರಿಯಾಗಿ ಬೆರೆಯದೆ ಆದ ‘ಎರರ್’ ನಾಣ್ಯವೋ? ಎರರ್ ಆದರೆ ಬೆಲೆ ಜಾಸ್ತಿ ಎಂದು ನಾಣ್ಯದಂಗಡಿಯವರೊಬ್ಬರು ಹೇಳಿದರು.

ಉತ್ತರ: ಬಣ್ಣದ ಮಾತು ಆಮೇಲೆ. ಮೊದಲು ಇಸವಿ ನೋಡಿ, ತೂಕ ಹಾಕಿ.

ಕಾಲಾಣೆಗಳೆಲ್ಲ ಒಂದೇ ಲೋಹದವಲ್ಲ. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆಯೂ ವಿಕ್ಟೋರಿಯಾ ಕಾಲದ್ದೂ ತಾಮ್ರದವು, ತೂಕ ಸುಮಾರು 6.47 ಗ್ರಾಂ. ಏಳನೇ ಎಡ್ವರ್ಡ್ ಕಾಲದಲ್ಲಿ, 1906ರಲ್ಲಿ, ಕಂಚು ಬಂತು: ನೂರಕ್ಕೆ 95 ಪಾಲು ತಾಮ್ರ, 4 ತವರ, 1 ಸತು. ತೂಕ 4.86 ಗ್ರಾಂಗೆ ಇಳಿಯಿತು. 1906ರ ಇಸವಿಯವು ಎರಡೂ ಬಗೆಯಲ್ಲಿ ಸಿಗುತ್ತವೆ, ಅವಕ್ಕೆ ತಕ್ಕಡಿಯೇ ಗತಿ. ಬರೀ ತಾಮ್ರದ ನಾಣ್ಯದಲ್ಲಿ ತವರ, ಸತು ಸರಿಯಾಗಿ ಬೆರೆತಿಲ್ಲ ಎಂಬ ಪ್ರಶ್ನೆಯೇ ಏಳುವುದಿಲ್ಲ. ಟಿಪ್ಪುವಿನ ತಾಮ್ರದ ಆನೆ ಕಾಸನ್ನು ‘ಮೆಟಲ್ ಮಿಕ್ಸ್ ಎರರ್’ ಎಂದು ಯಾರಾದರೂ ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ನಿಮ್ಮದು ಕಂಚು, ಹಾಗಾಗಿ ಅನುಮಾನಕ್ಕೆ ಜಾಗವಿದೆ.

ಕರಗಿದ ತಾಮ್ರಕ್ಕೆ ತವರ, ಸತು ಹಾಕಿ ಸರಿಯಾಗಿ ಕಲಕದಿದ್ದರೆ ಅಂಬಲಿಯಲ್ಲಿ ಹಿಟ್ಟು ಗಂಟು ಕಟ್ಟಿದ ಹಾಗಾಗುತ್ತದೆ. ಎರಕದ ಗಟ್ಟಿಯನ್ನು ಉರುಳೆಗಳ ನಡುವೆ ಹಾಯಿಸಿ ತಗಡು ಮಾಡುವಾಗ ಆ ಗಂಟು ಉದ್ದಕ್ಕೆ ಎಳೆದುಕೊಂಡು ಗೆರೆಯಾಗುತ್ತದೆ. ತಗಡಿನಿಂದ ಬಿಲ್ಲೆ ಕತ್ತರಿಸಿ ಅಚ್ಚು ಒತ್ತುವುದು ಆಮೇಲಿನ ಕೆಲಸ. ಅಂದರೆ ರಾಜನ ಮುಖ ಮೂಡುವ ಮೊದಲೇ ಗೆರೆ ಅಲ್ಲಿತ್ತು. ಅದಕ್ಕೆ ಕಿರೀಟ, ಅಕ್ಷರಗಳ ಹಂಗಿಲ್ಲ. ಒಂದೇ ದಿಕ್ಕು ಹಿಡಿದು ಎಲ್ಲವನ್ನೂ ಹತ್ತಿ ಇಳಿದು ಅಂಚಿನತ್ತ ಸಾಗುತ್ತದೆ.

ವಯಸ್ಸಿನ ಬಣ್ಣ ಹೊರಗಿನಿಂದ ಬರುವಂಥದ್ದು. ಗಾಳಿ, ಬೆವರು, ಕಾಗದದ ಗಂಧಕ, ಪೆಟ್ಟಿಗೆಯ ಮರ, ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ. ಅಕ್ಷರಗಳ ಸಂದಿಯಲ್ಲಿ ಕಪ್ಪು ಕೂರುತ್ತದೆ, ಸವೆದ ಕೆನ್ನೆ ತಿಳಿಯಾಗುತ್ತದೆ. ಒಂದು ಮುಖಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರಬೇಕಾಗಿಲ್ಲ.

ಈಗ ಹೀಗೆ ಮಾಡಿ. ಒಂದು ಗೆರೆಯ ಎರಡು ತುದಿಗಳು ಅಂಚಿಗೆ ತಾಕುವ ಕಡೆ ಹೆಬ್ಬೆರಳು, ತೋರುಬೆರಳು ಇಟ್ಟು ನಾಣ್ಯ ಹಿಡಿಯಿರಿ. ಹಿಡಿತ ಬಿಡದೆ ಮಗುಚಿ. ಹಿಂಬದಿಯಲ್ಲೂ ಗೆರೆಗಳಿದ್ದು, ಅವೂ ಬೆರಳಿಂದ ಬೆರಳಿಗೇ ಓಡುತ್ತಿದ್ದರೆ ಅದು ತಗಡಿನ ದಿಕ್ಕು. ಅದೇ ಜಾಗದಲ್ಲಿ ಇರಬೇಕಿಲ್ಲ, ದಿಕ್ಕು ಒಂದಾದರೆ ಸಾಕು. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಹಳೆಯ ಗೀರೊಂದನ್ನು ಹುಡುಕಿ (ಹೊಸದಾಗಿ ಗೀರಬೇಡಿ!). ಹಳದಿ ಗೆರೆಯ ಮೇಲೆ ಬಿದ್ದ ಗೀರಿನೊಳಗೂ ಹಳದಿಯೇ ಕಂಡರೆ ಬಣ್ಣ ಮೈಮೇಲಿನದಲ್ಲ, ಒಳಗಿನದು.

ಇಲ್ಲೊಂದು ತೊಡಕಿದೆ. ಬೆರಕೆಯ ತಪ್ಪು ಎದ್ದು ಕಾಣುವಂತೆ ಮಾಡುವುದೂ ಬಹುಮಟ್ಟಿಗೆ ವಯಸ್ಸೇ. ಸತು, ತವರ ಹೆಚ್ಚಿರುವ ಎಳೆ ಪಕ್ಕದ ತಾಮ್ರಕ್ಕಿಂತ ಬೇರೆ ವೇಗದಲ್ಲಿ ಬಣ್ಣ ತಿರುಗುತ್ತದೆ, ಹೊಸದರಲ್ಲಿ ಮಸುಕಾಗಿದ್ದದ್ದು ಆಮೇಲೆ ಎದ್ದು ಕಾಣುತ್ತದೆ. ಆದ್ದರಿಂದಲೇ ಬಣ್ಣವೊಂದನ್ನೇ ನಂಬಿ ತೀರ್ಮಾನಿಸಬಾರದು.

ನಾನೂ ಒಮ್ಮೆ ಬೇಸ್ತು ಬಿದ್ದಿದ್ದೆ. ನಮ್ಮ ಮನೆಯ ಕಾಲಾಣೆಯೊಂದರಲ್ಲಿ ಎರಡೂ ಮುಖಕ್ಕೆ, ಅಂಚಿಗೂ ಸೇರಿ ನೆಟ್ಟಗೆ ಒಂದು ಗೆರೆ, ಅದರ ಕೆಳಗೆಲ್ಲ ಕಪ್ಪು. ಎರರ್ ಸಿಕ್ಕಿತೆಂದು ಕುಣಿದೆ. ಕೊನೆಗೆ ಅಮ್ಮ ಹೇಳಿದಳು, ಅದು ದೇವರ ಮನೆಯ ಚೊಂಬಿನಲ್ಲಿ ಓರೆಯಾಗಿ, ಅರ್ಧ ನೀರಿನಲ್ಲಿ ಮುಳುಗಿಕೊಂಡಿತ್ತಂತೆ. ಒಂದೇ ಗೆರೆ, ಇಬ್ಬದಿಯಲ್ಲಿ ಎರಡು ಬಣ್ಣ ಎಂದರೆ ನೀರಿನ ಮಟ್ಟವನ್ನು ಅನುಮಾನಿಸಿ. ಬೆರಕೆಯ ಗೆರೆಗಳು ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ. ಹಿಂಡಾಗಿ, ದಪ್ಪ ಸಣ್ಣ ಎಳೆಗಳಾಗಿ ಸಾಗುತ್ತವೆ.

ಹುಣಸೆಹಣ್ಣು, ಉಪ್ಪು ಹಾಕಿ ಮಾತ್ರ ಉಜ್ಜಬೇಡಿ. ಚೊಂಬು ಹೊಳೆಯುವುದು ಸರಿ, ನಾಣ್ಯದ ಮೇಲಿನ ಪದರ ಕಿತ್ತುಹೋಗಿ ಸಾಕ್ಷಿಯೂ ಹೋಗುತ್ತದೆ. ಹುಳಿ ಹರಿದ ಕಡೆ ಹೊಸ ಪಟ್ಟಿಗಳು ಬೀಳುವುದೂ ಉಂಟು. ಜಿಡ್ಡಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ನೇಲ್ ಪಾಲಿಶ್ ರಿಮೂವರ್ ಬೇಡ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡ್ ರೋಗ (ಉಪ್ಪಿನಂಶ ಲೋಹವನ್ನು ತಿನ್ನುತ್ತಿದೆ ಎಂದರ್ಥ), ಆ ನಾಣ್ಯವನ್ನು ಮಿಕ್ಕವುಗಳಿಂದ ಬೇರೆಯಿಡಿ.

ಬೆಲೆ? ಐದನೇ ಜಾರ್ಜ್ ಕಾಲಾಣೆಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ. ಗೆರೆ ಚೆಂದವಾಗಿದ್ದರೆ ನಾನಾದರೆ ಸ್ವಲ್ಪ ಹೆಚ್ಚು ಕೊಟ್ಟೇನು, ಅಷ್ಟೆ. ಲಕ್ಷದ ಆಸೆ ತೋರಿಸಿ ಮುಂಗಡ ಕಮಿಷನ್ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ. ನಿಮ್ಮ ಅಂಗಡಿಯವರನ್ನು ಒಂದೇ ಮಾತು ಕೇಳಿ ನೋಡಿ: ‘ಎರರ್ ಅಂತಲೇ ಇಟ್ಟುಕೊಳ್ಳಿ, ನೀವು ಎಷ್ಟಕ್ಕೆ ತಗೋತೀರಿ?’