ಒಂದೇ ರಕ್ತ, ಎರಡು ಮೈಕಟ್ಟು

ಮಾರ್ವೆಲ್ ಕಾಮಿಕ್ಸ್ ಸಂಸ್ಥೆ 1980ರಲ್ಲಿ ಷೀ-ಹಲ್ಕ್ ಎಂಬ ಪಾತ್ರವನ್ನು ಹುಟ್ಟುಹಾಕಿತು. ಜೆನಿಫರ್ ವಾಲ್ಟರ್ಸ್ ಒಬ್ಬ ವಕೀಲೆ. ರೌಡಿಗಳ ಗುಂಡೇಟು ತಿಂದು ಸಾಯುವ ಸ್ಥಿತಿಯಲ್ಲಿದ್ದಾಗ ಅವಳ ಸೋದರಸಂಬಂಧಿ ಬ್ರೂಸ್ ಬ್ಯಾನರ್ ತನ್ನ ರಕ್ತ ಕೊಟ್ಟು ಉಳಿಸುತ್ತಾನೆ. ಗಾಮಾ ವಿಕಿರಣ ಹೊಕ್ಕಿದ್ದ ಆ ರಕ್ತ ಬ್ಯಾನರನನ್ನು ಆಗಲೇ ಹಲ್ಕ್ ಮಾಡಿತ್ತು: ಮುಂದಕ್ಕೆ ಚಾಚಿದ ಹುಬ್ಬು, ಕತ್ತೇ ಕಾಣದಷ್ಟು ದಪ್ಪ ಭುಜ, ಹರಿದ ಪ್ಯಾಂಟು. ಅದೇ ರಕ್ತ ಜೆನಿಫರಳ ಮೈ ಸೇರಿದಾಗ ಅವಳು ಎತ್ತರವಾದಳು, ಹಸಿರಾದಳು, ಮೊದಲಿಗಿಂತ ಚೆಲುವೆಯಾದಳು. ಹುಬ್ಬು ಚಾಚಲಿಲ್ಲ, ಕತ್ತು ಮಾಯವಾಗಲಿಲ್ಲ, ನಡು ಸಣ್ಣದಾಗಿಯೇ ಉಳಿಯಿತು.

ಮಾರ್ವೆಲ್‌ನ ಪಾತ್ರ ಕೈಪಿಡಿಗಳಲ್ಲಿ ಷೀ-ಹಲ್ಕ್‌ಳ ಎತ್ತರ 6 ಅಡಿ 7 ಇಂಚು, ತೂಕ ಸುಮಾರು 300 ಕಿಲೋ. ಚಿತ್ರದಲ್ಲಿ ಕಾಣುವ ಮೈಗೆ, ಅಂದರೆ ಎರಡು ಮೀಟರ್ ಎತ್ತರದ ಕಟ್ಟುಮಸ್ತಾದ ಹೆಣ್ಣಿಗೆ, 90 ಕಿಲೋ ಇದ್ದರೆ ಹೆಚ್ಚು. ಉಳಿದ 210 ಕಿಲೋ ಎಲ್ಲಿದೆ? ಅಷ್ಟೂ ಆ ಮೈಯೊಳಗೇ ಇರಬೇಕಾದರೆ ಅವಳ ಮಾಂಸ ನೀರಿಗಿಂತ ಮೂರು ಪಟ್ಟಿಗೂ ಮಿಗಿಲಾಗಿ ಸಾಂದ್ರವಾಗಿರಬೇಕು. ಗ್ರಾನೈಟ್ ಕಲ್ಲೂ ಅಷ್ಟು ಸಾಂದ್ರವಲ್ಲ. ಹಲ್ಕ್‌ನ ತೂಕ 1,040 ಪೌಂಡ್, ಸುಮಾರು 470 ಕಿಲೋ. ಅವನನ್ನು ಬಿಡಿಸುವಾಗ ಮಾತ್ರ ಆ ತೂಕ ತುಂಬುವಷ್ಟು ಮೈ ಪುಟದ ಮೇಲೆ ಬರುತ್ತದೆ. ಗಂಡಿನ ಶಕ್ತಿ ಮೈಮೇಲೆ ಕಾಣಬೇಕು, ಹೆಣ್ಣಿನ ಶಕ್ತಿ ಅವಳ ಅಂದ ಕೆಡಿಸಬಾರದು ಎಂಬ ಕಟ್ಟುಪಾಡು ಯಾರೂ ಬರೆದಿಡದೆಯೇ ಇಲ್ಲಿ ಕೆಲಸ ಮಾಡಿದೆ.

ಇದು ಒಂದು ಪಾತ್ರದ ಮಾತಲ್ಲ. ಅಮೆರಿಕದ ಸಂಶೋಧಕಿಯರಾದ ರೆಬೆಕ್ಕಾ ಬರ್ಚ್ ಮತ್ತು ಲಾರಾ ಜಾನ್ಸನ್ ಮಾರ್ವೆಲ್‌ನ 3,700ಕ್ಕೂ ಹೆಚ್ಚು ಪಾತ್ರಗಳ ಎತ್ತರ, ತೂಕ ತೆಗೆದುಕೊಂಡು ಬಿಎಂಐ ಲೆಕ್ಕ ಹಾಕಿದರು. ಗಂಡು ಪಾತ್ರಗಳ ಸರಾಸರಿ ಬೊಜ್ಜಿನ ಮಿತಿಗೆ ಬಂದು ನಿಂತಿತು, ಹೆಣ್ಣು ಪಾತ್ರಗಳ ಸರಾಸರಿ ಕಡಿಮೆ ತೂಕದ ಅಂಚಿಗೆ ಇಳಿಯಿತು. ಬಿಎಂಐ ಅಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ, 30 ದಾಟಿದರೆ ಬೊಜ್ಜು. ಕೈಪಿಡಿ ಮುಂದಿಟ್ಟುಕೊಂಡು ನೀವೇ ಗುಣಿಸಿ ನೋಡಬಹುದು. ಕ್ಯಾಪ್ಟನ್ ಅಮೆರಿಕ 6 ಅಡಿ 2 ಇಂಚು, 240 ಪೌಂಡ್: ಬಿಎಂಐ 30.8. ಎಕ್ಸ್-ಮೆನ್ ತಂಡದ ರೋಗ್ 5 ಅಡಿ 8 ಇಂಚು, 120 ಪೌಂಡ್: 18.2. ಅದೇ ತಂಡದ ಸ್ಟಾರ್ಮ್ ಹಳೆಯ ಕೈಪಿಡಿಯ ಪ್ರಕಾರ 5 ಅಡಿ 11 ಇಂಚು, 127 ಪೌಂಡ್: 17.7. ಕ್ಯಾಪ್ಟನ್ ಅಮೆರಿಕನ ಹೆಚ್ಚಿನ ತೂಕ ಕೊಬ್ಬಲ್ಲ, ಸ್ನಾಯು. ಬಿಎಂಐಗೆ ಇವೆರಡರ ವ್ಯತ್ಯಾಸ ತಿಳಿಯದು. ಆದರೆ ಸ್ಟಾರ್ಮ್‌ಳ 17.7ಕ್ಕೆ ಅಂಥ ಸಮಜಾಯಿಷಿ ಇಲ್ಲ. ಹೊಡೆದಾಟವೇ ವೃತ್ತಿಯಾದವಳಿಗೆ ಇರಬೇಕಾದ ಸ್ನಾಯುವಿನ ತೂಕವೇ ಅವಳ ಲೆಕ್ಕದಲ್ಲಿಲ್ಲ.

ಇನ್ನೊಂದು ಅಳತೆ ನಡು ಮತ್ತು ನಿತಂಬದ ಅನುಪಾತ. ನಡುವಿನ ಸುತ್ತಳತೆಯನ್ನು ನಿತಂಬದ ಸುತ್ತಳತೆಯಿಂದ ಭಾಗಿಸಿದರೆ ಆರೋಗ್ಯವಂತ ತರುಣಿಯರಲ್ಲಿ ಸಾಮಾನ್ಯವಾಗಿ 0.67ರಿಂದ 0.80ರವರೆಗೆ ಬರುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದ ಭಾರತ ಮೂಲದ ಮನೋವಿಜ್ಞಾನಿ ದೇವೇಂದ್ರ ಸಿಂಗ್ 1993ರಲ್ಲಿ, ಗಂಡಸರ ಕಣ್ಣು 0.7ರ ಆಸುಪಾಸಿನ ಮೈಯನ್ನು ಮೆಚ್ಚುತ್ತದೆ ಎಂದು ತೋರಿಸಿದ್ದರು. ಬರ್ಚ್ ಮತ್ತು ಜಾನ್ಸನ್ ಅಳೆದ ಕಾಮಿಕ್ಸ್ ನಾಯಕಿಯರ ಸರಾಸರಿ 0.60. ನಿತಂಬ 38 ಇಂಚು ಎಂದಿಟ್ಟುಕೊಂಡರೆ ನಡು 23 ಇಂಚಿಗೂ ಕಡಿಮೆ.

ಕಣ್ಣು ಮೆಚ್ಚುವುದು 0.7 ಆದರೆ ಪೆನ್ಸಿಲ್ 0.60ಕ್ಕೆ ಹೋಗಿದ್ದೇಕೆ? ಇದಕ್ಕೆ ಈ ಸಂಶೋಧಕಿಯರು ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಅವರ ಹಳೆಯ ಪ್ರಯೋಗಗಳತ್ತ ಬೆರಳು ತೋರುತ್ತಾರೆ. ಹೆರಿಂಗ್ ಗಲ್ ಎಂಬ ಕಡಲಹಕ್ಕಿಯ ಮರಿ ತಾಯಿಯ ಕೊಕ್ಕಿನ ಮೇಲಿನ ಕೆಂಪು ಚುಕ್ಕೆಯನ್ನು ಕುಟುಕಿ ಆಹಾರ ಕೇಳುತ್ತದೆ. ಬಿಳಿ ಪಟ್ಟೆ ಬಳಿದ ತೆಳ್ಳನೆಯ ಕೆಂಪು ಕಡ್ಡಿಯೊಂದನ್ನು ಮುಂದೆ ಹಿಡಿದರೆ ಮರಿ ಅಸಲಿ ಕೊಕ್ಕಿಗಿಂತ ಹೆಚ್ಚು ಹುರುಪಿನಿಂದ ಅದನ್ನೇ ಕುಟುಕಿತು. ಸಹಜ ಗುರುತನ್ನು ಉಬ್ಬಿಸಿ ತೋರಿಸಿದರೆ ಮಿದುಳು ಅಸಲಿಯನ್ನು ಬಿಟ್ಟು ನಕಲಿಗೇ ಓಗೊಡುತ್ತದೆ. ಕಾಮಿಕ್ಸ್‌ನಲ್ಲಿ ಗಂಡಿನ ಭುಜ ಅಗಲವಾಗುತ್ತ ಹೋಗಿದ್ದು, ಹೆಣ್ಣಿನ ನಡು ಸಣ್ಣದಾಗುತ್ತ ಹೋಗಿದ್ದು ಎರಡೂ ಇದೇ ದಾರಿಯಲ್ಲಿ.

ಇಲ್ಲಿಗೆ ನಿಲ್ಲಿಸಿ, ಇಬ್ಬರಿಗೂ ಉಬ್ಬಿಸಿದ್ದಾರೆ, ಲೆಕ್ಕ ಸರಿಹೋಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಏನನ್ನು ಉಬ್ಬಿಸಿದ್ದಾರೆ ಎಂದು ನೋಡಿ. ಗಂಡಿನಲ್ಲಿ ಉಬ್ಬಿದ್ದು ಭುಜ, ತೋಳು, ಎದೆ; ಎತ್ತಲು, ಹೊಡೆಯಲು, ತಡೆಯಲು ಬೇಕಾದ ಅಂಗಗಳು. ಹೆಣ್ಣಿನಲ್ಲಿ ಉಬ್ಬಿದ್ದು ಸ್ತನ ಮತ್ತು ನಿತಂಬ, ಕುಗ್ಗಿದ್ದು ನಡು. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಇರುವುದೇ ನಡುವಿನಲ್ಲಿ. ಗುದ್ದಿನ ಬಲ ಕಾಲಿನಿಂದ ಹೊರಟು ನಡುವಿನ ಮೂಲಕವೇ ತೋಳಿಗೆ ಬರುತ್ತದೆ. ಅವನ ಮೈ ಅವನ ಕೆಲಸಕ್ಕೆ ಒದಗಿದರೆ, ಅವಳ ಮೈ ಅವಳ ಕೆಲಸಕ್ಕೇ ಅಡ್ಡ ಬರುತ್ತದೆ.

ಪುಟದ ಮೇಲೆ ಇದು ಹೇಗೆ ಮೂಡುತ್ತದೆ ಎಂಬುದನ್ನು ಹಂತಹಂತವಾಗಿ ನೋಡಬೇಕು. ಚಿತ್ರಕಾರರು ಮೈಯನ್ನು ತಲೆಯ ಉದ್ದದಲ್ಲಿ ಅಳೆಯುತ್ತಾರೆ. ನಿಜ ಮನುಷ್ಯರು ಸುಮಾರು ಏಳೂವರೆ ತಲೆ ಎತ್ತರ. ಮಾರ್ವೆಲ್ ಶೈಲಿ ಕಲಿಸುವ 1978ರ ಪ್ರಸಿದ್ಧ ಪಠ್ಯದಲ್ಲಿ ನಾಯಕನಿಗೆ ಎಂಟೂಮುಕ್ಕಾಲು ತಲೆ. ಮೊದಲು ಬತ್ತಲೆ ಮೈಯ ರೇಖೆ, ಆಮೇಲೆ ಕೊರಳು, ತೋಳು, ಸೊಂಟದ ಬಳಿ ಬಟ್ಟೆಯ ಅಂಚು ಸೂಚಿಸುವ ಗೆರೆ, ಕೊನೆಗೆ ಬಣ್ಣ. ಆದ್ದರಿಂದಲೇ ಸೂಪರ್‌ಹೀರೋ ಬಟ್ಟೆ ಮೈಗೆ ಬಳಿದ ಬಣ್ಣದಂತೆ ಕಾಣುತ್ತದೆ. ಗಂಡಸರ ಬಟ್ಟೆಯೂ ಬಿಗಿಯೇ. ಸರ್ಕಸ್ಸಿನ ಬಲಶಾಲಿಗಳ ಉಡುಪಿನಿಂದ ಬಂದ ಪದ್ಧತಿ ಅದು. ವ್ಯತ್ಯಾಸ ಇರುವುದು ವಿವರದಲ್ಲಿ. ಬಿಗಿ ಬಟ್ಟೆ ಎರಡು ಸ್ತನಗಳ ತುದಿಯಿಂದ ತುದಿಗೆ ಎಳೆದು ನಿಲ್ಲುತ್ತದೆ, ಅವುಗಳ ಮಧ್ಯದ ಕಣಿವೆಗೆ ಅಂಟುವುದಿಲ್ಲ. ಕಾಮಿಕ್ಸ್‌ನಲ್ಲಿ ಎರಡಕ್ಕೂ ಬೇರೆಬೇರೆ ಕಾಲುಚೀಲ ತೊಡಿಸಿದಂತೆ ಬಟ್ಟೆ ಒಳಗೆಲ್ಲ ಹೊಕ್ಕಿರುತ್ತದೆ. ಅದೇ ಚಿತ್ರಕಾರ ಗಂಡಿನ ತೊಡೆಸಂದಿಗೆ ಬಂದಾಗ ಏನೂ ಕಾಣದಂತೆ ನಯವಾಗಿ ಗೆರೆ ಮುಗಿಸುತ್ತಾನೆ. ಎಲ್ಲಿ ಸಂಕೋಚಪಡಬೇಕು, ಎಲ್ಲಿ ಬೇಡ ಎಂಬ ತೀರ್ಮಾನ ಆ ಕೈಗೆ ಮೊದಲೇ ರೂಢಿಯಾಗಿದೆ.

ಆಮೇಲೆ ಭಂಗಿ. ಎದೆ ಮತ್ತು ನಿತಂಬ ಎರಡೂ ಓದುಗನ ಕಡೆಗೇ ತಿರುಗಿರುವ ನಿಲುವನ್ನು ನೀವು ನೋಡಿರುತ್ತೀರಿ. ಅದಕ್ಕೆ ಮುಂಡ 90 ಡಿಗ್ರಿಗೂ ಮೀರಿ ತಿರುಚಬೇಕು. ಸೊಂಟದ ಐದು ಕಶೇರುಗಳ ಕೀಲುಗಳು ಎದುರುಬದುರು ನಿಂತ ಹಲಗೆಗಳ ಹಾಗೆ ಜೋಡಣೆಯಾಗಿವೆ. ಹಿಂದೆಮುಂದೆ ಬಾಗಲು ಬಿಡುತ್ತವೆ, ತಿರುಚಲು ಬಿಡುವುದಿಲ್ಲ. ಐದೂ ಸೇರಿ ಒಂದು ಕಡೆಗೆ ಹತ್ತು ಡಿಗ್ರಿ ಸಿಕ್ಕರೆ ದೊಡ್ಡದು. ಎದೆಭಾಗದ ಕಶೇರುಗಳು ಇನ್ನೊಂದು ಮೂವತ್ತು, ಮೂವತ್ತೈದು ಕೊಡುತ್ತವೆ. ಉಳಿದ ತಿರುವು ಬೇಕಾದರೆ ಬೆನ್ನುಮೂಳೆ ಮುರಿಯಬೇಕು. 2012ರ ಕೊನೆಯಲ್ಲಿ ಹಾಕೈ ಇನಿಷಿಯೇಟಿವ್ ಎಂಬ ಹೆಸರಿನಲ್ಲಿ ಹವ್ಯಾಸಿ ಚಿತ್ರಕಾರರು ಇಂಥ ಭಂಗಿಗಳಲ್ಲಿ ಬಿಲ್ಲುಗಾರ ಹಾಕೈಯನ್ನು ಕೂರಿಸಿ ಬಿಡಿಸಿದರು. ಗಂಡಿನ ಮೈಯಲ್ಲಿ ಅದೇ ಭಂಗಿ ಎಷ್ಟು ಅಸಂಬದ್ಧ ಎಂಬುದು ಒಂದೇ ನೋಟಕ್ಕೆ ತಿಳಿಯಿತು. ನಿಮ್ಮ ಕೈಯಲ್ಲಿರುವ ಯಾವ ಪುಟಕ್ಕೂ ಈ ಪರೀಕ್ಷೆ ಮಾಡಬಹುದು: ತೆಳು ಕಾಗದ ಇಟ್ಟು ಭುಜದ ಗೆರೆ, ಸೊಂಟದ ಗೆರೆ, ಬೆನ್ನುಮೂಳೆಯ ಗೆರೆ ಮೂರನ್ನು ಮಾತ್ರ ಎಳೆದುಕೊಳ್ಳಿ, ಅದರ ಮೇಲೆ ಗಂಡಸಿನ ಮೈ ಬಿಡಿಸಿ.

ಉಡುಪನ್ನು ಸಲಕರಣೆಯಾಗಿ ನೋಡಿದರೆ ಇನ್ನಷ್ಟು ತಪ್ಪುಗಳು ಸಿಗುತ್ತವೆ. ಹಳೆಯ ಯುರೋಪಿನ ಎದೆಗವಚ ಮಧ್ಯದಲ್ಲಿ ಹೊರಕ್ಕೆ ಉಬ್ಬಿರುತ್ತಿತ್ತು, ಬಿದ್ದ ಏಟು ಪಕ್ಕಕ್ಕೆ ಜಾರಲಿ ಎಂದು. ನಾಯಕಿಯರ ಕವಚಕ್ಕೆ ಎರಡು ಬಟ್ಟಲು ಕೊಟ್ಟರೆ ನಡುವೆ ತಗ್ಗು ಬೀಳುತ್ತದೆ. ಏಟು ಜಾರಿ ಬಂದು ನಿಲ್ಲುವುದು ಅಲ್ಲೇ, ಎದೆಮೂಳೆಯ ಮೇಲೆ. ಅದರ ಹಿಂದೆಯೇ ಹೃದಯ. ಹೈ ಹೀಲ್ಸ್‌ನ ಕಥೆಯೂ ಹೀಗೆಯೇ. ಪಾದದ ಕೀಲಿನೊಳಗಿನ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಹಿಮ್ಮಡಿ ಮೇಲೆದ್ದಾಗ ಕಿರಿದಾದ ಭಾಗ ಕೀಲಿಗೆ ಬಂದು ಹಿಡಿತ ಸಡಿಲವಾಗುತ್ತದೆ, ಕಾಲು ಉಳುಕುವುದು ಸಲೀಸು. ಛಾವಣಿಯಿಂದ ಛಾವಣಿಗೆ ಹಾರುವವಳ ಕಾಲಿಗೆ ಇದಕ್ಕಿಂತ ಕೆಟ್ಟ ಪಾದರಕ್ಷೆ ಇಲ್ಲ.

ಮೈ ಮುಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. 1954ರಲ್ಲಿ ಅಮೆರಿಕದ ಪ್ರಕಾಶಕರು ತಾವೇ ಹಾಕಿಕೊಂಡ ಕಾಮಿಕ್ಸ್ ಕೋಡ್, ಹೆಂಗಸರ ಅಂಗಾಂಗಗಳನ್ನು ಉತ್ಪ್ರೇಕ್ಷಿಸದೆ ಸಹಜವಾಗಿ ಬಿಡಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಆ ಕಾಲದಲ್ಲೇ, 1961ರಲ್ಲಿ, ಫೆಂಟಾಸ್ಟಿಕ್ ಫೋರ್ ತಂಡದ ಸೂ ಸ್ಟಾರ್ಮ್ ಬಂದಳು. ಕೊರಳಿನಿಂದ ಕಾಲಿನವರೆಗೆ ಗಂಡಸರಂಥದ್ದೇ ಉಡುಪು. ಆದರೆ ಅವಳ ಶಕ್ತಿ ಏನು? ಕಣ್ಣಿಗೆ ಕಾಣದಂತಾಗುವುದು. ಬಲವಾದ ರಕ್ಷಣಾ ಗೋಡೆ ಎಬ್ಬಿಸುವ ಸಾಮರ್ಥ್ಯ ಅವಳಿಗೆ ಸಿಕ್ಕಿದ್ದು 1964ರಲ್ಲಿ. ಮದುವೆಯಾಗಿ, ತಾಯಿಯಾಗಿ, 1985ರವರೆಗೂ ಅವಳ ಹೆಸರು ಇನ್‌ವಿಸಿಬಲ್ ಗರ್ಲ್. ಆಮೇಲಷ್ಟೇ ಇನ್‌ವಿಸಿಬಲ್ ವುಮನ್. ಮಾರ್ವೆಲ್‌ನ ಇನ್ನಿಬ್ಬರು ನಾಯಕಿಯರಾದ ಜೀನ್ ಗ್ರೇ, ಸ್ಕಾರ್ಲೆಟ್ ವಿಚ್ ಇಬ್ಬರದೂ ದೂರದಿಂದ ಕೈ ಚಾಚಿ ಪ್ರಯೋಗಿಸುವ ಶಕ್ತಿ. ಮುಖಕ್ಕೆ ಗುದ್ದು ತಿನ್ನಬೇಕಿಲ್ಲ, ಕೂದಲು ಕೆದರಬೇಕಿಲ್ಲ. ಶಕ್ತಿಯ ಆಯ್ಕೆಯೇ ಅವಳನ್ನು ಅಂದವಾಗಿ ನಿಂತಿರಲು ಬಿಡುವಂಥದ್ದು. ಉಡುಪಿನ ಚರ್ಚೆಯಲ್ಲಿ ಈ ಅಂಶ ಮರೆತುಹೋಗುತ್ತದೆ, ನನ್ನ ಮಟ್ಟಿಗೆ ಇದೇ ಹೆಚ್ಚು ಆಳದ ಸಮಸ್ಯೆ.

1980ರ ದಶಕದಲ್ಲಿ ಮಾರಾಟ ಪತ್ರಿಕೆ ಅಂಗಡಿಗಳಿಂದ ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳಿಗೆ ಸರಿಯಿತು. ಅಲ್ಲಿಗೆ ಬರುತ್ತಿದ್ದವರು ಬಹುಪಾಲು ಹುಡುಗರು, ತರುಣರು. ಕೋಡ್‌ನ ಹಿಡಿತವೂ ಸಡಿಲವಾಗಿತ್ತು. ಎದುರಿನ ಗಿರಾಕಿಗೆ ತಕ್ಕಂತೆ ಪುಟ ತಿರುಗಿತು. 1993ರಿಂದ 2013ರವರೆಗಿನ ಸಂಚಿಕೆಗಳ ಚೌಕಟ್ಟುಗಳನ್ನು ಎಣಿಸಿದ ಸಂಶೋಧಕಿ ಕ್ಯಾರೊಲಿನ್ ಕೊಕ್ಕಾ, ಇಂಥ ಭಂಗಿಗಳು ತೊಂಬತ್ತರ ದಶಕದಲ್ಲಿ ಹೆಚ್ಚಿದ್ದು ಆಮೇಲೆ ಇಳಿದವು, ಆದರೂ ಬಹುತೇಕ ಎಲ್ಲ ಸಂಚಿಕೆಗಳಲ್ಲೂ ಇದ್ದೇ ಇದ್ದವು ಎಂದು ತೋರಿಸಿದರು. ವಂಡರ್ ವುಮನ್‌ಳನ್ನು 2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಮಾಡಿದಾಗ, ಸಂಸ್ಥೆಯ ಸಿಬ್ಬಂದಿಯೇ ವಿರೋಧಿಸಿದರು. ವಿರೋಧದ ಮನವಿಗೆ ಸುಮಾರು 45,000 ಸಹಿ ಬಿದ್ದವು. ಎರಡು ತಿಂಗಳು ತುಂಬುವ ಮೊದಲೇ ಆ ಪಟ್ಟ ಮುಗಿಯಿತು.

ಬರೀ ಚಿತ್ರ ತಾನೆ ಎಂದು ತಳ್ಳಿಹಾಕುವವರು ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರ 1998ರ ಪ್ರಯೋಗವನ್ನು ಗಮನಿಸಬೇಕು. ಕಾಲೇಜು ವಿದ್ಯಾರ್ಥಿಗಳಿಗೆ ಒಂಟಿಯಾಗಿ, ಕನ್ನಡಿ ಇದ್ದ ಕೋಣೆಯಲ್ಲಿ ಈಜುಡುಗೆ ಅಥವಾ ಸ್ವೆಟರ್ ತೊಟ್ಟು ಗಣಿತದ ಪರೀಕ್ಷೆ ಬರೆಯಲು ಹೇಳಿದರು. ಈಜುಡುಗೆ ತೊಟ್ಟ ಹುಡುಗಿಯರ ಅಂಕ ಇಳಿಯಿತು, ಹುಡುಗರದ್ದು ಇಳಿಯಲಿಲ್ಲ. ತನ್ನ ಮೈಯನ್ನು ಹೊರಗಿನವರ ಕಣ್ಣಿನಿಂದ ನೋಡಿಕೊಳ್ಳುವ ಅಭ್ಯಾಸ ಗಮನದ ಒಂದು ಪಾಲನ್ನು ತಿಂದುಹಾಕುತ್ತದೆ ಎಂಬುದು ಅವರ ವಿವರಣೆ. ನಾಯಕಿಯರ ಉಡುಪು ಈಜುಡುಗೆಯ ಅಳತೆಯದ್ದೇ ಆಗಿದ್ದ ದಶಕಗಳನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಬೇಕು.

ಬದಲಾವಣೆ ಚೆನ್ನಾಗಿ ಕಾಣುವುದು ಮಾರ್ವೆಲ್‌ನ ನಾಯಕಿ ಕ್ಯಾರಲ್ ಡ್ಯಾನ್ವರ್ಸ್‌ಳಲ್ಲಿ. 1968ರಲ್ಲಿ ವಾಯುಪಡೆಯ ಅಧಿಕಾರಿಯಾಗಿ ಬಂದವಳು 1977ರಲ್ಲಿ ಮಿಸ್ ಮಾರ್ವೆಲ್ ಆದಾಗ ಹೊಟ್ಟೆ, ಬೆನ್ನು, ಕಾಲು ಬರಿದು. ಕೊರಳಿಗೆ ಉದ್ದನೆಯ ಸ್ಕಾರ್ಫ್, ಎದುರಾಳಿಗೆ ಹಿಡಿದೆಳೆಯಲು ಹೇಳಿ ಮಾಡಿಸಿದಂತೆ. ಮರುವರ್ಷವೇ ಕಪ್ಪು ಈಜುಡುಗೆ, ತೊಡೆ ಮುಟ್ಟುವ ಬೂಟು. 2012ರಲ್ಲಿ ಲೇಖಕಿ ಕೆಲ್ಲಿ ಸ್ಯೂ ಡಿಕಾನಿಕ್ ಅವಳನ್ನು ಕ್ಯಾಪ್ಟನ್ ಮಾರ್ವೆಲ್ ಮಾಡಿದಾಗ ಚಿತ್ರಕಾರ ಜೇಮಿ ಮೆಕೆಲ್ವಿ ಹೊಸ ಉಡುಪು ರೂಪಿಸಿದರು: ಕೊರಳಿನಿಂದ ಪಾದದವರೆಗೆ ಪೈಲಟ್ ಸೂಟಿನ ಕಟ್ಟು, ಕೆಂಪು, ನೀಲಿ, ಚಿನ್ನದ ಬಣ್ಣ. ಅವಳ ವೃತ್ತಿ ಏನೆಂದು ಬಟ್ಟೆ ಹೇಳಲು ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 2014ರಲ್ಲಿ ಮಿಸ್ ಮಾರ್ವೆಲ್ ಹೆಸರು ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್‌ಗೆ ಬಂತು. ಶಕ್ತಿ ಸಿಕ್ಕ ಕೂಡಲೇ ಅವಳು ಹೊಂಬಣ್ಣದ ಕೂದಲಿನ ಕ್ಯಾರಲ್ ಆಗಿ ರೂಪ ಬದಲಿಸುತ್ತಾಳೆ. ಆ ಹಳೆಯ ಉಡುಪು ಒತ್ತುತ್ತದೆ, ಬೂಟು ಕಚ್ಚುತ್ತದೆ. ಕೊನೆಗೆ ತನ್ನದೇ ಬುರ್ಕಿನಿಯನ್ನು, ಅಂದರೆ ಮೈ ಮುಚ್ಚುವ ಈಜುಡುಗೆಯನ್ನು, ಮಾರ್ಪಡಿಸಿಕೊಳ್ಳುತ್ತಾಳೆ. ಅದೇ ವರ್ಷ ಬ್ಯಾಟ್‌ಗರ್ಲ್‌ಗೆ ಚರ್ಮದ ಜಾಕೆಟ್ಟು, ಚಪ್ಪಟೆ ಅಟ್ಟೆಯ ಬೂಟು, ಎಳೆದರೆ ಕಳಚುವ ಹೆಗಲುವಸ್ತ್ರ ಬಂದವು.

ಬದಲಾದದ್ದು ಹೆಚ್ಚಾಗಿ ಬಟ್ಟೆ. ಬಟ್ಟೆಯೊಳಗಿನ ಮೈ ಈಗಲೂ ಬಹುಪಾಲು 0.60ರ ಬಳಿಯೇ ಸುತ್ತುತ್ತಿದೆ. ವೇಲಿಯಂಟ್ ಸಂಸ್ಥೆಯ ಫೇಯ್ತ್ ಇದಕ್ಕೆ ಹೊರತಾದ ಕೆಲವರಲ್ಲಿ ಒಬ್ಬಳು. 1992ರಲ್ಲಿ ತಂಡದೊಳಗಿನ ಪಾತ್ರವಾಗಿ ಬಂದ ಈ ದಪ್ಪ ಮೈಯ ಹುಡುಗಿಗೆ 2016ರಲ್ಲಿ ಸ್ವಂತ ಸರಣಿ ಸಿಕ್ಕಿತು. ಬಿಳಿ ಉಡುಪು ಮೈ ಪೂರ್ತಿ ಮುಚ್ಚುತ್ತದೆ, ದಪ್ಪವನ್ನು ಮರೆಮಾಚುವುದಿಲ್ಲ. ಹಗಲಿನಲ್ಲಿ ಬೇರೆ ಹೆಸರಿಟ್ಟುಕೊಂಡು ಲಾಸ್ ಏಂಜಲೀಸ್‌ನಲ್ಲಿ ಬರವಣಿಗೆಯ ಕೆಲಸ, ಉಳಿದ ಹೊತ್ತು ಹಾರಾಟ. ತೂಕ ಇಳಿಸುವುದು ಅವಳ ಕಥೆಯ ವಸ್ತುವೇ ಅಲ್ಲ.