ಇ-ಫ್ಲ್ಯಾಟ್ ಕ್ಲಾರಿನೆಟ್‌ನ ಮೌತ್‌ಪೀಸ್: ಎರಡು ಹನಿ ನೀರಿನ ಲೆಕ್ಕ

ಫ್ರೆಂಚ್ ಸಂಗೀತ ರಚನಕಾರ ರಾವೆಲ್‌ನ ‘ಬೊಲೆರೊ’ ಮೊದಲ ಸಲ ಕೇಳಿಸಿದ್ದು 1928ರ ನವೆಂಬರ್‌ನಲ್ಲಿ, ಪ್ಯಾರಿಸ್ ಒಪೆರಾದಲ್ಲಿ. ಕೃತಿಯುದ್ದಕ್ಕೂ ಒಂದೇ ತಾಳ, ಎರಡೇ ಸ್ವರಮಾಲೆ. ಬದಲಾಗುತ್ತ ಹೋಗುವುದು ವಾದ್ಯ. ಮೊದಲು ಕೊಳಲು, ಆಮೇಲೆ ಮಾಮೂಲು ಕ್ಲಾರಿನೆಟ್, ಅದರ ಬೆನ್ನಿಗೆ ಬಸೂನ್. ನಾಲ್ಕನೆಯ ಸರದಿ ಇ-ಫ್ಲ್ಯಾಟ್ ಕ್ಲಾರಿನೆಟ್‌ನದು. ಬಸೂನ್ ಈಗಷ್ಟೇ ಮುಗಿಸಿದ ಎಳೆಯನ್ನೇ ಈ ಪುಟ್ಟ ವಾದ್ಯ ಮೇಲಿನ ಸ್ಥಾಯಿಯಲ್ಲಿ ಮತ್ತೆ ಎತ್ತಿಕೊಳ್ಳಬೇಕು. ಅಡಗಿಕೊಳ್ಳಲು ಮರೆಯಿಲ್ಲ. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಹಿಂದಿನ ಸಾಲಿನವರಿಗೂ ತಿಳಿಯುತ್ತದೆ.

ಆ ಕ್ಷಣದಲ್ಲಿ ವಾದಕ ನೆಚ್ಚಿಕೊಂಡಿರುವುದು ಬಾಯಲ್ಲಿಟ್ಟ ಒಂದು ಕಪ್ಪು ತುಂಡನ್ನು, ಅಂದರೆ ಮೌತ್‌ಪೀಸನ್ನು. ಇ-ಫ್ಲ್ಯಾಟ್‌ಗೆ ಯಾವ ಮೌತ್‌ಪೀಸ್ ಕೊಳ್ಳಬೇಕು ಎಂಬುದಕ್ಕೆ ಮಾಮೂಲು ಬಿ-ಫ್ಲ್ಯಾಟ್ ಕ್ಲಾರಿನೆಟ್‌ನವರಿಗೆ ಸಿಗುವಷ್ಟು ಸಲೀಸಾದ ಉತ್ತರ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂದು ತಿಳಿಯಬೇಕಾದರೆ ಈ ವಾದ್ಯ ಬೆಳೆದ ದಾರಿಯನ್ನು ನೋಡಬೇಕು.

ಕ್ಲಾರಿನೆಟ್ ಹುಟ್ಟಿದ್ದು ಸುಮಾರು 1700ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್‌ನ ಯೋಹಾನ್ ಕ್ರಿಸ್ಟೋಫ್ ಡೆನ್ನರ್‌ನ ಕೈಯಲ್ಲಿ. ಆಗ ಎಲ್ಲವೂ ಮರ. ಮೌತ್‌ಪೀಸ್ ಕೂಡ ಮರದ್ದೇ. ಉಸಿರಿಗೆ ಅದುರಿ ದನಿ ಹುಟ್ಟಿಸುವ ತೆಳು ಪಟ್ಟಿ, ಅಂದರೆ ರೀಡ್, ಮೇಲ್ತುಟಿಯ ಕಡೆಗೆ ಇರುತ್ತಿತ್ತು. ಅದನ್ನು ಕೆಳತುಟಿಯ ಮೇಲೆ ಕೂರಿಸುವ ರೂಢಿ ಜರ್ಮನಿಯಲ್ಲಿ ಮೊದಲು ಬೇರೂರಿತು. ಪ್ಯಾರಿಸ್‌ನ ಸಂಗೀತ ಶಾಲೆಯಾದ ಕನ್ಸರ್ವೇಟರಿಗೆ ಅದು ಬಂದದ್ದು 1831ರಲ್ಲಿ, ಫ್ರೆಡರಿಕ್ ಬೆರ್ ಅಲ್ಲಿ ಪ್ರಾಧ್ಯಾಪಕನಾದ ಮೇಲೆ. ರೀಡ್ ಕೆಳಗೆ ಬಂದ ಮೇಲೆ ನಾಲಿಗೆಗೂ ತುಟಿಗೂ ಸ್ವರದ ಮೇಲೆ ಹೊಸ ಹಿಡಿತ ಸಿಕ್ಕಿತು. ಇಂದು ನಾವು ಮೌತ್‌ಪೀಸನ್ನು ಅಳೆಯುವ ಅಳತೆಗಳೆಲ್ಲ ಈ ಬದಲಾವಣೆಯ ನಂತರದ ಬಾಯಿಗೆ ಹೊಂದಿಸಿದವು.

ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ಗಾತ್ರದ ಕ್ಲಾರಿನೆಟ್ ಇಟ್ಟುಕೊಳ್ಳುವುದು ಅಂದಿನ ಪದ್ಧತಿ. 1812ರಲ್ಲಿ ಇವಾನ್ ಮ್ಯೂಲರ್ ಹದಿಮೂರು ಕೀಲಿಗಳ (ತೂತು ಮುಚ್ಚಿ ತೆರೆಯುವ ಸನ್ನೆಗಳ) ಹೊಸ ಕ್ಲಾರಿನೆಟ್ ತಂದು, ಇನ್ನು ಎಲ್ಲಕ್ಕೂ ಇದೊಂದೇ ಸಾಕು ಎಂದಾಗ ಕನ್ಸರ್ವೇಟರಿಯ ಪರಿಶೀಲನಾ ಸಮಿತಿ ಒಪ್ಪಲಿಲ್ಲ. ಪ್ರತಿ ಗಾತ್ರದ ಕ್ಲಾರಿನೆಟ್‌ಗೂ ತನ್ನದೇ ಬಣ್ಣವಿದೆ, ಒಂದೇ ವಾದ್ಯ ಉಳಿದರೆ ಆ ಬಣ್ಣಗಳು ಹೋಗುತ್ತವೆ ಎಂಬುದು ಅವರ ವಾದ. ಮ್ಯೂಲರ್‌ನ ವಾದ್ಯವನ್ನು ತಿರಸ್ಕರಿಸಿದ್ದು ತಪ್ಪೆಂದು ಕಾಲ ತೋರಿಸಿತು. ಆದರೆ ಬಣ್ಣದ ಮಾತಿನಲ್ಲಿ ಸಮಿತಿ ಹೇಳಿದ್ದು ನಿಜ. ಅದಕ್ಕೆ ಇ-ಫ್ಲ್ಯಾಟ್‌ಗಿಂತ ದೊಡ್ಡ ಸಾಕ್ಷಿ ಬೇಡ.

ಈ ಚಿಕ್ಕ ಕ್ಲಾರಿನೆಟ್ ಬೆಳೆದದ್ದು ಬಯಲಿನಲ್ಲಿ. ಹತ್ತೊಂಬತ್ತನೇ ಶತಮಾನದ ಆರಂಭದ ಮಿಲಿಟರಿ ಬ್ಯಾಂಡ್‌ಗಳಲ್ಲಿ ಎಫ್ ಶ್ರುತಿಯ ಸಣ್ಣ ಕ್ಲಾರಿನೆಟ್ ಇತ್ತು. ಮುಂದೆ ಇ-ಫ್ಲ್ಯಾಟ್ ಅದರ ಜಾಗ ಹಿಡಿಯಿತು. ತುತ್ತೂರಿ, ಡೋಲುಗಳ ನಡುವೆ ಮೇಲಿನ ಸ್ವರ ಸೀಳಿಕೊಂಡು ಕೇಳಿಸಬೇಕು, ಅಷ್ಟೇ ಅದರ ಕೆಲಸ. ಮೆಲ್ಲಗೆ ನುಡಿಸುವ ಪ್ರಸಂಗವೇ ಕಡಿಮೆ. ಹಾಗಾಗಿ ಅದರ ಮೌತ್‌ಪೀಸಿನ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡದರ ಅಳತೆಯನ್ನು ಕುಗ್ಗಿಸಿದರೆ ಸಾಕೆಂಬ ಭಾವನೆ ಬಹುಕಾಲ ಉಳಿಯಿತು. ಇವತ್ತಿನ ತೊಡಕಿನ ಬೇರು ಅಲ್ಲಿದೆ ಎಂದು ನನಗನ್ನಿಸುತ್ತದೆ.

1830ರ ಡಿಸೆಂಬರ್‌ನಲ್ಲಿ ಬರ್ಲಿಯೋಜ್ ಈ ಬಯಲಿನ ವಾದ್ಯವನ್ನು ಸಭಾಂಗಣಕ್ಕೆ ಎಳೆದು ತಂದ. ‘ಸಿಂಫೊನಿ ಫೆಂಟಾಸ್ಟಿಕ್’ನ ಕೊನೆಯ ಭಾಗ ಮಾಟಗಾತಿಯರ ಕೂಟ. ಮೊದಲ ಭಾಗದಲ್ಲಿ ಪ್ರಿಯತಮೆಯ ಗುರುತಾಗಿದ್ದ ಮಧುರ ಎಳೆ ಇಲ್ಲಿ ಇ-ಫ್ಲ್ಯಾಟ್‌ನ ಬಾಯಲ್ಲಿ ಅಣಕವಾಗಿ ಕುಣಿಯುತ್ತದೆ. ಅದಾದ ಮೇಲೆ ಮಾಹ್ಲರ್, ರಿಚರ್ಡ್ ಸ್ಟ್ರಾಸ್, ಸ್ಟ್ರಾವಿನ್‌ಸ್ಕಿ ಎಲ್ಲರೂ ಇದನ್ನು ಕರೆದರು. ಸ್ಟ್ರಾಸ್ 1895ರ ‘ಟಿಲ್ ಆಯ್ಲೆನ್‌ಶ್ಪೀಗೆಲ್’ನಲ್ಲಿ ಬರೆದದ್ದು ಡಿ ಕ್ಲಾರಿನೆಟ್‌ಗೆ, ಈಗ ಬಹಳ ಮಂದಿ ಅದನ್ನು ಇ-ಫ್ಲ್ಯಾಟ್‌ನಲ್ಲೇ ನುಡಿಸುತ್ತಾರೆ. ಶೋಸ್ಟಕೋವಿಚ್ 1939ರ ಆರನೇ ಸಿಂಫೊನಿಯ ಎರಡನೇ ಭಾಗವನ್ನು ಇದರ ಒಂಟಿ ಧ್ವನಿಯಿಂದಲೇ ಶುರು ಮಾಡಿದ. ಅಣಕವಾಡುತ್ತಿದ್ದ ವಾದ್ಯದಿಂದ ಜನ ಈಗ ಹಾಡನ್ನೂ ಪಿಸುಮಾತನ್ನೂ ಕೇಳತೊಡಗಿದರು. ಮೌತ್‌ಪೀಸ್ ಮಾತ್ರ ಬಹುಕಾಲ ಕವಾಯತು ಮೈದಾನದ್ದಾಗಿಯೇ ಉಳಿಯಿತು.

ಇನ್ನು ಮೌತ್‌ಪೀಸಿಗೆ ಬಳಸಿದ ಮರ, ಗಾಜು, ರಬ್ಬರುಗಳ ಕಥೆ. ಮರದ ಮೌತ್‌ಪೀಸ್ ಉಸಿರಿನ ತೇವಕ್ಕೆ ಬಾಗುತ್ತದೆ. ರೀಡ್ ಕೂರುವ ಸಮತಲ ತುಸು ಬಾಗಿದರೂ ಗಾಳಿ ಸೋರಿ ಕೀಚಲು ದನಿ ಬರುತ್ತದೆ. ಗಾಜು ಬಾಗುವುದಿಲ್ಲ, ಆದರೆ ಕೈಜಾರಿದರೆ ಮುಗಿಯಿತು. ರಬ್ಬರಿಗೆ ಹೆಚ್ಚು ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿ ಎಬೊನೈಟ್ ಆಗುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ತಿಳಿದ ಮೇಲೆ ಈ ಪ್ರಶ್ನೆ ಹೆಚ್ಚುಕಡಿಮೆ ಬಗೆಹರಿಯಿತು. ಕೊರೆಯಲು, ಅರದಿಂದ ಉಜ್ಜಲು, ಉಜ್ಜಿದ ಅಳತೆಯನ್ನು ವರ್ಷಾನುಗಟ್ಟಲೆ ಹಿಡಿದಿಡಲು ಇದು ಹೇಳಿ ಮಾಡಿಸಿದ ವಸ್ತು. ಬಿಸಿನೀರು ಮತ್ತು ಬಿಸಿಲು ಇದಕ್ಕೆ ಆಗಿಬರುವುದಿಲ್ಲ. ಹಳೆಯ ಮೌತ್‌ಪೀಸ್‌ಗಳು ಹಸಿರು-ಕಂದು ಬಣ್ಣಕ್ಕೆ ತಿರುಗುವುದು ಇದರಿಂದಲೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿ-ಫ್ಲ್ಯಾಟ್ ಕ್ಲಾರಿನೆಟ್ ಸುಮಾರು 66 ಸೆಂ.ಮೀ. ಉದ್ದ, ಇ-ಫ್ಲ್ಯಾಟ್ ಸುಮಾರು 49. ಒಳಗಿನ ರಂಧ್ರವೂ ಕಿರಿದು: ದೊಡ್ಡದರಲ್ಲಿ 14.6 ಮಿ.ಮೀ. ಆಸುಪಾಸು ಇದ್ದರೆ ಚಿಕ್ಕದರಲ್ಲಿ 13ರ ಹತ್ತಿರ. ಕೊಳವೆ ಚಿಕ್ಕದಾದಷ್ಟೂ ಸಣ್ಣ ತಪ್ಪು ದೊಡ್ಡದಾಗಿ ಕೇಳುತ್ತದೆ. ಎಲ್ಲ ಬೆರಳನ್ನೂ ಎತ್ತಿದಾಗ ಬರುವ ‘ಜಿ’ ಸ್ವರವನ್ನೇ ನೋಡಿ. ಇ-ಫ್ಲ್ಯಾಟ್‌ನಲ್ಲಿ ಅದಕ್ಕೆ ದಕ್ಕುವ ಗಾಳಿಕಂಬದ ಉದ್ದ ಸುಮಾರು 18 ಸೆಂ.ಮೀ. ಮೌತ್‌ಪೀಸಿಗೂ ವಾದ್ಯದ ಒಡಲಿಗೂ ನಡುವಿನ ಗಿಡ್ಡ ತುಂಡಾದ ಬ್ಯಾರಲ್ಲನ್ನು ಒಂದು ಮಿಲಿಮೀಟರ್ ಹೊರಗೆಳೆದರೆ ಈ ಸ್ವರ 9 ಸೆಂಟ್‌ನಷ್ಟು ಇಳಿಯುತ್ತದೆ. ನೂರು ಸೆಂಟ್ ಸೇರಿದರೆ ಅರ್ಧ ಸ್ವರ. ಅದೇ ಒಂದು ಮಿಲಿಮೀಟರಿಗೆ ವಾದ್ಯದ ತೀರಾ ಕೆಳಗಿನ ಸ್ವರ ಇಳಿಯುವುದು 4 ಸೆಂಟ್ ಮಾತ್ರ. ಅಂದರೆ ಎಳೆದು ಸರಿಪಡಿಸಲು ಹೊರಟರೆ ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕೆಡುತ್ತದೆ.

ಮೌತ್‌ಪೀಸಿನ ಒಳಗಿನ ಪೊಳ್ಳೂ ಇದೇ ಲೆಕ್ಕಕ್ಕೆ ಸೇರುತ್ತದೆ. ಪೊಳ್ಳು 0.1 ಘನ ಸೆಂ.ಮೀ. ಹೆಚ್ಚಾದರೆ ಕೊಳವೆ ಮುಕ್ಕಾಲು ಮಿಲಿಮೀಟರ್ ಉದ್ದವಾದಂತೆ. 0.1 ಘನ ಸೆಂ.ಮೀ. ಎಂದರೆ ಎರಡು ಹನಿ ನೀರು ಹಿಡಿಯುವ ಜಾಗ. ಅಷ್ಟರಿಂದಲೇ ಆ ‘ಜಿ’ ಸ್ವರ 7 ಸೆಂಟ್ ಕೆಳಗೆ ಕೂರುತ್ತದೆ. ಮೌತ್‌ಪೀಸ್ ಎಂದರೆ ದನಿ ಹುಟ್ಟಿಸುವ ತುದಿ ಎಂದಷ್ಟೇ ನಾವು ತಿಳಿದಿರುತ್ತೇವೆ; ಅದು ಕೊಳವೆಯ ಮೊದಲ ತುಂಡೂ ಹೌದು. ಒಬ್ಬರ ವಾದ್ಯದಲ್ಲಿ ಚಿನ್ನದಂತೆ ನುಡಿದ ಮೌತ್‌ಪೀಸ್ ಇನ್ನೊಬ್ಬರ ವಾದ್ಯದಲ್ಲಿ ಬೇಸೂರಾಗಬಹುದು. ಎರಡೂ ವಾದ್ಯಗಳು ಚೆನ್ನಾಗಿಯೇ ಇರಬಹುದು, ಮೌತ್‌ಪೀಸೂ ಚೆನ್ನಾಗಿಯೇ ಇರಬಹುದು. ಜೋಡಿ ಕೂಡಿಬಂದಿಲ್ಲ, ಅಷ್ಟೇ.

ಕ್ಲಾರಿನೆಟ್‌ಗೆ ಇನ್ನೊಂದು ಸ್ವಭಾವವಿದೆ. ಕೊಳಲಿನಲ್ಲಿ ಬೆರಳು ಹಾಗೇ ಇಟ್ಟು ಉಸಿರು ಬಿಗಿಮಾಡಿದರೆ ಮಧ್ಯ ಷಡ್ಜ ತಾರ ಷಡ್ಜಕ್ಕೆ ಹಾರುತ್ತದೆ. ಕ್ಲಾರಿನೆಟ್‌ನಲ್ಲಿ ಹೆಬ್ಬೆರಳಿನ ಕೀಲಿ ಒತ್ತಿದರೆ ಷಡ್ಜ ನೇರವಾಗಿ ತಾರ ಪಂಚಮಕ್ಕೆ ಹಾರುತ್ತದೆ. ಈ ಜಿಗಿತ ಕರಾರುವಾಕ್ಕಾಗಿ ಬೀಳಬೇಕಾದರೆ ಮೌತ್‌ಪೀಸಿನ ರಂಧ್ರ, ಬ್ಯಾರಲ್ಲಿನ ರಂಧ್ರ, ವಾದ್ಯದ ರಂಧ್ರ ಮೂರೂ ಒಂದಕ್ಕೊಂದು ಒಗ್ಗಿರಬೇಕು. ಜರ್ಮನ್ ಮತ್ತು ಫ್ರೆಂಚ್ ಸಂಪ್ರದಾಯಗಳು ಇಲ್ಲಿಯೇ ಬೇರೆಯಾಗುವುದು. ಜರ್ಮನ್ ಮೌತ್‌ಪೀಸಿನ ತುದಿ ಕಿರಿದು, ಬಾಯ್ತೆರೆ ಕಡಿಮೆ; ರೀಡನ್ನು ಹಲವರು ಈಗಲೂ ದಾರದಿಂದ ಸುತ್ತಿ ಕಟ್ಟುತ್ತಾರೆ. ಒಂದು ಸಂಪ್ರದಾಯದ ಮೌತ್‌ಪೀಸನ್ನು ಇನ್ನೊಂದರ ವಾದ್ಯಕ್ಕೆ ಹಾಗೇ ಸಿಕ್ಕಿಸಿದರೆ ಶ್ರುತಿ ಕೂಡುವ ಭರವಸೆಯಿಲ್ಲ.

ಬಾಯ್ತೆರೆ ಎಂದೆ. ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು ಅದು. ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುತ್ತಾರೆ. ಪ್ಯಾರಿಸ್‌ನಲ್ಲಿ 1905ರಲ್ಲಿ ರೀಡ್ ತಯಾರಿಕೆಯಿಂದ ಆರಂಭವಾದ ವ್ಯಾಂಡೊರೆನ್ ಕಂಪನಿಯ ಬಿ-ಫ್ಲ್ಯಾಟ್ ಮೌತ್‌ಪೀಸ್‌ಗಳಲ್ಲಿ 5ಆರ್‌ವಿ ಎಂಬುದರ ತೆರೆ 1.065 ಮಿ.ಮೀ., ಬಿ45 ಎಂಬುದರದು 1.195. ವ್ಯತ್ಯಾಸ ಒಂದು ಹಾಳೆಯ ದಪ್ಪಕ್ಕಿಂತ ತುಸು ಹೆಚ್ಚು, ಆದರೆ ತುಟಿಗೆ ಅವೆರಡೂ ಬೇರೆ ಬೇರೆ ಲೋಕ. ಇ-ಫ್ಲ್ಯಾಟ್‌ಗೆ ಅದೇ ಕಂಪನಿಯ 5ಆರ್‌ವಿ, ಬಿ44 ಹೆಚ್ಚಾಗಿ ಕಾಣಸಿಗುತ್ತವೆ. ಹೆಚ್ಚಿನವರು ಮೊದಲು ಎಡವುವುದು ಈ ಹೆಸರುಗಳಲ್ಲಿ. ದೊಡ್ಡ ವಾದ್ಯದಲ್ಲಿ ತಾನು ಬಳಸುವ ಹೆಸರಿನದೇ ಚಿಕ್ಕದಕ್ಕೂ ಬೇಕು ಎನ್ನುತ್ತಾರೆ. ಹೆಸರು ಒಂದಾದ ಮಾತ್ರಕ್ಕೆ ಒಳಗಿನ ಪೊಳ್ಳೂ ತುಟಿಗೆ ಸಿಗುವ ತಡೆಯೂ ಒಂದಾಗುವುದಿಲ್ಲ.

ಎರಡನೆಯ ಎಡವು ಇನ್ನೂ ಸಹಜವಾದದ್ದು. ಅಂಗಡಿಯಲ್ಲಿ ಕೈಗೆ ಬಂದ ಕೂಡಲೇ ಎಲ್ಲರೂ ಅತಿ ಎತ್ತರದ ಸ್ವರಕ್ಕೆ ಹಾರುತ್ತಾರೆ. ಅದು ಸಲೀಸಾಗಿ ಬಂದರೆ ಹಣ ಕೊಡುತ್ತಾರೆ. ತೆರೆ ದೊಡ್ಡದಿದ್ದು ಮೆದು ರೀಡ್ ಹಾಕಿದರೆ ಸಣ್ಣ ಪ್ರಯತ್ನದಲ್ಲೇ ದನಿ ಬರುತ್ತದೆ, ನಿಜ. ಆದರೆ ಜೋರಾಗಿ ಊದಿದಾಗ ಶ್ರುತಿ ಇಳಿಯುವ, ಮೆಲ್ಲಗೆ ಊದಿದಾಗ ಏರುವ ಕ್ಲಾರಿನೆಟ್‌ನ ಹುಟ್ಟುಗುಣ ಅಂಥ ಜೋಡಿಯಲ್ಲಿ ಎದ್ದು ಕಾಣುತ್ತದೆ. ಅದನ್ನು ತಡೆಯಲು ವಾದಕ ಕಚ್ಚತೊಡಗುತ್ತಾನೆ. ಕಚ್ಚಿದರೆ ಮೇಲಿನ ಸ್ವರಗಳು ಇನ್ನೂ ಏರುತ್ತವೆ, ತುಟಿ ಹತ್ತೇ ನಿಮಿಷದಲ್ಲಿ ಸೋಲುತ್ತದೆ. ಹೆಚ್ಚಿನ ವಾದಕರು ಒಂದೇ ಕಛೇರಿಯಲ್ಲಿ ಎರಡು ಕ್ಲಾರಿನೆಟ್ ಬದಲಿಸಬೇಕಾದವರು. ದೊಡ್ಡದಕ್ಕೆ ಪಳಗಿದ ತುಟಿ ಗಾಬರಿಯಾಗದಷ್ಟು ಮಟ್ಟಿಗೆ ಎರಡರ ತಡೆ ಹತ್ತಿರ ಇರಬೇಕು. ಕೆಲವರು ಇದಕ್ಕಾಗಿ ಬಿ-ಫ್ಲ್ಯಾಟ್ ರೀಡಿನ ಹಿಂಭಾಗ ಕತ್ತರಿಸಿ ಗಿಡ್ಡ ಮಾಡಿ ಇ-ಫ್ಲ್ಯಾಟ್‌ಗೆ ಕಟ್ಟುತ್ತಾರೆ. ಕಿರಿದಾದ ಜರ್ಮನ್ ಮಾದರಿಯ ರೀಡ್ ಈ ಕೆಲಸಕ್ಕೆ ಒದಗಿಬರುತ್ತದೆ.

ನಮ್ಮ ಕಡೆಗೂ ಈ ವಾದ್ಯ ಮಿಲಿಟರಿ ಬ್ಯಾಂಡಿನ ದಾರಿಯಲ್ಲೇ ಬಂತು. ಬ್ರಿಟಿಷ್ ಮಾದರಿಯ ಬ್ಯಾಂಡುಗಳು ಕ್ಲಾರಿನೆಟ್ಟನ್ನು ಹರಡಿದವು. ತಂಜಾವೂರಿನ ಮಹಾದೇವ ನಟ್ಟುವನಾರ್ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು; ಎ.ಕೆ.ಸಿ. ನಟರಾಜನ್ ನಾಗಸ್ವರದ ಬಾನಿಯನ್ನು ಅದರಲ್ಲಿ ನುಡಿಸಿದರು. ರಾಯಚೂರಿನ ನರಸಿಂಹಲು ವಡವಾಟಿ ಹಿಂದೂಸ್ತಾನಿ ರಾಗಗಳನ್ನು ಹಾಡಿಸಿದರು. ಮೈಸೂರು ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಕರ್ನಾಟಕ ಮತ್ತು ಆಂಗ್ಲ ವಾದ್ಯವೃಂದಗಳನ್ನು ಕೇಳಿದವರಿಗೆ ಅರಮನೆ ಬ್ಯಾಂಡಿನ ಪರಂಪರೆ ಗೊತ್ತೇ ಇದೆ.

ಈ ಇತಿಹಾಸ ಕೊಳ್ಳುವವರಿಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಬ್ರಿಟಿಷ್ ಸೇನೆಯ ಬ್ಯಾಂಡ್‌ಗಳು 1920ರ ದಶಕದ ಕೊನೆಯವರೆಗೂ ಹೆಚ್ಚಿನ ಶ್ರುತಿಯಲ್ಲಿ ನುಡಿಸುತ್ತಿದ್ದವು: ‘ಎ’ ಸ್ವರಕ್ಕೆ ಸುಮಾರು 452 ಕಂಪನ. ಈಗಿನದು 440. ಹತ್ತಿರ ಹತ್ತಿರ ಕಾಲು ಸ್ವರದ ಅಂತರ. ಹಳೆಯ ವಾದ್ಯವೊಂದು ಅಗ್ಗಕ್ಕೆ ಸಿಕ್ಕಿತೆಂದು ತಂದು, ಅದರ ಬೇಸೂರನ್ನು ಮೌತ್‌ಪೀಸ್ ಬದಲಿಸಿ ಸರಿಮಾಡುತ್ತೇನೆಂದು ಹೊರಟರೆ ಆಗದು. ತೂತುಗಳ ಜಾಗವೇ ಬೇರೆ. ಕೆಲವು ವಾದ್ಯಗಳ ಮೇಲೆ ಎಚ್‌ಪಿ ಅಥವಾ ಎಲ್‌ಪಿ ಎಂದು ಕೊರೆದಿರುತ್ತದೆ, ಹೆಚ್ಚಿನ ಶ್ರುತಿ, ಕಡಿಮೆ ಶ್ರುತಿ ಎಂದು ತಿಳಿಸಲು. ಅದನ್ನು ಮೊದಲು ನೋಡಿಕೊಳ್ಳಿ.

ಆರಿಸುವಾಗ ನಾನು ಹೇಳುವ ಪರೀಕ್ಷೆಗೆ ಬೇಕಾದ ಸಾಧನ ನಮ್ಮ ಸಂಗೀತದ ಮನೆಗಳಲ್ಲಿ ಆಗಲೇ ಇದೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ಎರಡೂವರೆ ಮನೆಗೆ ಇಡಿ. ಇ-ಫ್ಲ್ಯಾಟ್ ಎಂದರೆ ಅದೇ ಶ್ರುತಿ. ವಾದ್ಯವನ್ನು ಐದು ನಿಮಿಷ ಊದಿ ಬೆಚ್ಚಗೆ ಮಾಡಿ. ನಿಮ್ಮದೇ ರೀಡ್, ನಿಮ್ಮದೇ ಬ್ಯಾರಲ್ ಇರಲಿ. ಹೆಬ್ಬೆರಳು ಮತ್ತು ಎಡಗೈಯ ಮೂರು ಬೆರಳು ಮುಚ್ಚಿ ‘ಸಿ’ ನುಡಿಸಿ; ಈ ವಾದ್ಯದಲ್ಲಿ ‘ಸಿ’ ಎಂದು ಬರೆದ ಸ್ವರ ಕೇಳಿಸುವುದು ಇ-ಫ್ಲ್ಯಾಟ್ ಆಗಿ. ತಂಬೂರಿಯ ಷಡ್ಜದಲ್ಲಿ ಅದು ಕರಗುವವರೆಗೆ ಬ್ಯಾರಲ್ಲನ್ನು ಸರಿಮಾಡಿಕೊಳ್ಳಿ. ಈಗ ಎಲ್ಲ ಬೆರಳು ಎತ್ತಿ: ಇದು ಪಂಚಮ, ಗಿಡ್ಡ ಕೊಳವೆಯ ಸ್ವರ. ಮತ್ತೆ ಷಡ್ಜದ ಬೆರಳಿಟ್ಟು ಹೆಬ್ಬೆರಳ ಕೀಲಿ ಒತ್ತಿ: ಇದು ತಾರ ಪಂಚಮ. ಮೆಲ್ಲಗೊಮ್ಮೆ, ಜೋರಾಗೊಮ್ಮೆ ಮೂರನ್ನೂ ಸುತ್ತಿ ಬನ್ನಿ.

ಬೆರಳೆತ್ತಿದ ಪಂಚಮ ಮಾತ್ರ ತಂಬೂರಿಗಿಂತ ಕೆಳಗೆ ಕೂತರೆ ಆ ಮೌತ್‌ಪೀಸಿನ ಪೊಳ್ಳು ನಿಮ್ಮ ವಾದ್ಯಕ್ಕೆ ದೊಡ್ಡದಾಗಿರಬಹುದು. ಅದು ಮೇಲಕ್ಕೆ ಚುಚ್ಚಿದರೆ ಪೊಳ್ಳು ಚಿಕ್ಕದಿರಬಹುದು. ಎರಡು ಪಂಚಮಗಳೂ ತುಟಿಯನ್ನು ಹಿಂಡದೆ ತಂಬೂರಿಯ ಪಂಚಮದ ತಂತಿಯೊಳಗೆ ಸೇರಿಕೊಂಡರೆ ಆ ಮೌತ್‌ಪೀಸನ್ನು ಪಕ್ಕಕ್ಕೆ ಎತ್ತಿಡಿ. ನಾದ ದುಂಡಗಿದೆಯೋ ಚೂಪಾಗಿದೆಯೋ ಎಂಬ ಮಾತನ್ನು, ಹಾಗೆ ಎತ್ತಿಟ್ಟ ಎರಡು ಮೂರರ ನಡುವೆ ಆಡಿದರಾಯಿತು.